ಬಹ್ರೇನ್‌ಗೆ ನೆಂಟರು ಬಂದರೆ ಎಲ್ಲಿಗೆ ಕರೆದುಕೊಂಡು ಹೋಗೋದು?

ಬಹ್ರೇನ್‌ನಲ್ಲಿ "ಅದು ತುಂಬಾ ದೂರ" ಅಂತ ನೆಂಟರಿಂದ ತಪ್ಪಿಸಿಕೊಳ್ಳೋಕೆ ಆಗಲ್ಲ. ಇಡೀ ದೇಶ ಸುಮಾರು 780 ಚದರ ಕಿಲೋಮೀಟರ್. ಹೆಚ್ಚುಕಡಿಮೆ ಬೆಂಗಳೂರು ನಗರದಷ್ಟು. ಕಾರು ಹತ್ತಿದರೆ ಎಲ್ಲಿಗಾದರೂ ಒಂದು ಗಂಟೆಯೊಳಗೆ ಮುಟ್ಟಬಹುದು, ಗುರುವಾರ ರಾತ್ರಿ ಸೌದಿ ಕಡೆಯಿಂದ ಸೇತುವೆ ದಾಟಿ ಬರುವ ಕಾರುಗಳ ಮಧ್ಯೆ ಸಿಕ್ಕಿಬೀಳದಿದ್ದರೆ.

ಕಳೆದ ಎರಡು ವರ್ಷದಲ್ಲಿ ಇಲ್ಲಿನ ನಮ್ಮ ಮನೆಗೆ ಮೂರು ಸಲ ನೆಂಟರು ಬಂದರು. ನವೆಂಬರ್‌ನಲ್ಲಿ ಗದಗ ಕಡೆಯಿಂದ ಕಾಕಾ, ಕಾಕು. ಜನವರಿಯಲ್ಲಿ ಕಾಲೇಜಿನ ಗೆಳೆಯ ಮತ್ತು ಅವನ ಹೆಂಡತಿ. ಮೇ ರಜೆಯಲ್ಲಿ ತಂಗಿ, ಜೊತೆಗೆ ಅವಳ ಇಬ್ಬರು ಮಕ್ಕಳು. ಮೂರೂ ಸಲ ಹೆಚ್ಚುಕಡಿಮೆ ಅವೇ ಜಾಗಗಳು. ಆದರೆ ಒಬ್ಬರು ಬಾಯಿ ಬಿಟ್ಟು ನೋಡಿದ ಜಾಗದಲ್ಲಿ ಇನ್ನೊಬ್ಬರು ಹತ್ತು ನಿಮಿಷಕ್ಕೆ "ಕಾರಿಗೆ ಹೋಗೋಣ್ವಾ?" ಅಂದರು. ಯಾಕೆ ಅಂತ ಮೂರನೇ ಸಲಕ್ಕೆ ಅರ್ಥವಾಯಿತು. ಇಲ್ಲಿ ಜಾಗಕ್ಕಿಂತ ಹೊತ್ತು ಮುಖ್ಯ.

ಕೋಟೆಗಳಿಂದಲೇ ಶುರು ಮಾಡುತ್ತೇನೆ. ಇಲ್ಲಿ ಎರಡು ಕೋಟೆಗಳ ಮಧ್ಯೆ ಸ್ಪರ್ಧೆ. ಒಂದು ಉತ್ತರ ದಂಡೆಯ ಬಹ್ರೇನ್ ಕೋಟೆ, ಇಲ್ಲಿನವರ ಬಾಯಲ್ಲಿ ಕಲ್ಅತ್ ಅಲ್ ಬಹ್ರೇನ್. ಇನ್ನೊಂದು ಮುಹರ್ರಕ್ ಕಡೆಯ ಆರಾದ್ ಕೋಟೆ. ಮೊದಲನೆಯದು 2005ರಿಂದ ವಿಶ್ವ ಪರಂಪರೆಯ ತಾಣ. ಕಣ್ಣಿಗೆ ಕಾಣೋದು ಪೋರ್ಚುಗೀಸರ ಕಾಲದ ಗೋಡೆ, ಬುರುಜು. ನಿಜವಾದ ಸರಕು ಇರೋದು ಕಾಲಡಿಯಲ್ಲಿ. ಕೋಟೆ ನಿಂತಿರುವ ದಿಬ್ಬವೇ ಜನ ಕಟ್ಟಿ, ಬಿಟ್ಟು, ಮತ್ತೆ ಅದರ ಮೇಲೇ ಕಟ್ಟಿ ಬೆಳೆದದ್ದು. ಕ್ರಿಸ್ತಪೂರ್ವ 2300ರ ಹೊತ್ತಿಗೇ ಇಲ್ಲಿ ಊರಿತ್ತು. ಆ ಕಾಲದ ದಿಲ್ಮುನ್ ಅನ್ನುವ ನಾಡಿನ ರಾಜಧಾನಿ ಇದೇ. 1950ರ ದಶಕದಲ್ಲಿ ಡೆನ್ಮಾರ್ಕ್‌ನ ತಂಡ ಅಗೆಯಲು ಶುರು ಮಾಡಿತು. ಅರಮನೆಯ ನೆಲದಡಿ ಮಣ್ಣಿನ ಬಟ್ಟಲುಗಳಲ್ಲಿ ಹೂತಿಟ್ಟ ಹಾವಿನ ಎಲುಬುಗಳೂ ಸಿಕ್ಕವು.

ಜನವರಿಯ ಗೆಳೆಯನನ್ನು ಇಲ್ಲಿಗೆ ಮಧ್ಯಾಹ್ನ ಹನ್ನೆರಡಕ್ಕೆ ಕರೆದುಕೊಂಡು ಹೋದೆ. ತಪ್ಪು ನನ್ನದೇ. ಚಳಿಗಾಲವಾದರೂ ನೆತ್ತಿ ಮೇಲಿನ ಬಿಸಿಲಿಗೆ ಗೋಡೆಯ ಕಲ್ಲೆಲ್ಲ ಒಂದೇ ಬಣ್ಣ, ನೆರಳಿಲ್ಲ, ಫೋಟೋ ಚಪ್ಪಟೆ. "ಚೆನ್ನಾಗಿದೆ" ಅಂದ. ಅವನು ಯಾವ ದನಿಯಲ್ಲಿ ಅಂದ ಅಂತ ನಿಮಗೂ ಗೊತ್ತು. ಕಾಕಾ ಕಾಕು ಜೊತೆ ಹೋದದ್ದು ಸಂಜೆ. ನವೆಂಬರ್‌ನಲ್ಲಿ ಇಲ್ಲಿ ಐದಕ್ಕೆ ಮುಂಚೆಯೇ ಸೂರ್ಯ ಮುಳುಗುತ್ತಾನೆ, ಹಾಗಾಗಿ ಮೂರೂವರೆಗೇ ಹೊರಟೆವು. ಮೊದಲು ಪಕ್ಕದ ಮ್ಯೂಸಿಯಂ ನೋಡಿದೆವು. ಪದರದ ಮೇಲೆ ಪದರ ಹೇಗೆ ಕೂತಿದೆ ಅಂತ ತೋರಿಸಲು ಅಲ್ಲಿ ಒಂದು ಎತ್ತರದ ಗೋಡೆಯನ್ನೇ ಮಾಡಿಟ್ಟಿದ್ದಾರೆ. ಹಾವಿನ ಬಟ್ಟಲಿನ ವಿಷಯ ಹೇಳಿದಾಗ ಕಾಕು ಕೈ ಮುಗಿದೇಬಿಟ್ಟರು. "ನಾಗಪ್ಪನ್ನ ಇವರೂ ಬಿಟ್ಟಿಲ್ಲ ನೋಡು" ಅಂದರು. ಆಮೇಲೆ ಹೊರಗೆ ಬಂದು ನೋಡಿದರೆ ಗೋಡೆ ಜೇನಿನ ಬಣ್ಣಕ್ಕೆ ತಿರುಗಿತ್ತು. ಒಂದು ಕಡೆ ಖರ್ಜೂರದ ತೋಟ, ಇನ್ನೊಂದು ಕಡೆ ಸಮುದ್ರ, ಹಿಂದೆ ಗಾಜಿನ ಕಟ್ಟಡಗಳ ಸಾಲು. ಇಲ್ಲಿನ ಕುಟುಂಬಗಳೂ ವಾಕಿಂಗ್‌ಗೆ ಅಂತ ಬರುವುದು ಆ ಹೊತ್ತಿಗೇ.

ಆರಾದ್ ಕೋಟೆಗೆ ಈ ಗತ್ತಿಲ್ಲ. ಚೌಕಾಕಾರ, ನಾಲ್ಕು ಮೂಲೆಗೆ ನಾಲ್ಕು ಗುಂಡಗಿನ ಬುರುಜು, ಸುತ್ತ ಸಣ್ಣ ಕಂದಕ. ಇಪ್ಪತ್ತು ನಿಮಿಷದಲ್ಲಿ ಮುಗಿಯುತ್ತದೆ. 1980ರ ದಶಕದಲ್ಲಿ ರಿಪೇರಿ ಮಾಡಿದಾಗ ಸಿಮೆಂಟ್ ಮುಟ್ಟದೆ ಹವಳದ ಕಲ್ಲು, ಸುಣ್ಣ, ಮರದ ದಿಮ್ಮಿಗಳನ್ನೇ ಬಳಸಿದ್ದಾರೆ. ಇತಿಹಾಸದ ಲೆಕ್ಕದಲ್ಲಿ ಬಹ್ರೇನ್ ಕೋಟೆಯ ಮುಂದೆ ಇದು ಏನೂ ಅಲ್ಲ. ಆದರೆ ತಂಗಿಯ ಮಕ್ಕಳಿಗೆ ಇದೇ ಇಷ್ಟವಾಯಿತು. ಬುರುಜು ಹತ್ತಬಹುದು, ಕಿಂಡಿಯಲ್ಲಿ ಇಣುಕಬಹುದು, ಏರ್‌ಪೋರ್ಟ್ ಪಕ್ಕದಲ್ಲೇ ಇರುವುದರಿಂದ ತಲೆ ಮೇಲೆ ವಿಮಾನ ಇಳಿಯುವುದನ್ನು ಎಣಿಸಬಹುದು. ನಾಲ್ಕು ಸಾವಿರ ವರ್ಷದ ದಿಬ್ಬ ಆರು ವರ್ಷದ ಹುಡುಗನಿಗೆ ಬರೀ ದಿಬ್ಬ. ಮಕ್ಕಳಿದ್ದರೆ ಆರಾದ್, ಇಲ್ಲದಿದ್ದರೆ ಕಣ್ಣು ಮುಚ್ಚಿ ಬಹ್ರೇನ್ ಕೋಟೆ. ಎರಡಕ್ಕೂ ಸಂಜೆಯೇ ಸರಿ.

ಎರಡನೇ ಜೋಡಿ ವಿಚಿತ್ರದ್ದು. ಮರುಭೂಮಿಯಲ್ಲಿರುವ ಜೀವ ವೃಕ್ಷ ಮತ್ತು ಆಲಿ ಊರಿನ ಸಮಾಧಿ ದಿಬ್ಬಗಳು. ಬಹ್ರೇನ್ ಅಂದರೆ ಪೋಸ್ಟರ್‌ಗಳಲ್ಲೆಲ್ಲ ಮೊದಲು ಬರೋದು ಆ ಮರ. ರಾಜಧಾನಿ ಮನಾಮಾದಿಂದ ಸುಮಾರು 40 ಕಿಲೋಮೀಟರ್ ದಕ್ಷಿಣಕ್ಕೆ, ದೇಶದ ಅತಿ ಎತ್ತರದ ಜಾಗವಾದ ಜಬಲ್ ದುಖಾನ್ ಗುಡ್ಡದ ಹತ್ತಿರ. ಅತಿ ಎತ್ತರ ಅಂದರೆ 134 ಮೀಟರ್, ನಗಬೇಡಿ. ದಾರಿಯುದ್ದಕ್ಕೂ ಎಣ್ಣೆ ಬಾವಿ, ಪೈಪು. ಕೊಲ್ಲಿಯ ಅರಬ್ ದಂಡೆಯಲ್ಲಿ ಮೊದಲು ಎಣ್ಣೆ ಸಿಕ್ಕಿದ್ದು ಈ ಗುಡ್ಡದ ಬುಡದಲ್ಲೇ, 1932ರಲ್ಲಿ. ಮರಕ್ಕೆ ಸುಮಾರು 400 ವರ್ಷ ಅನ್ನುತ್ತಾರೆ. ಸುತ್ತ ಹೊಳೆಯಿಲ್ಲ, ಕೆರೆಯಿಲ್ಲ, ಆದರೂ ಹಸಿರಾಗಿದೆ.

ಗೆಳೆಯನಿಗೆ ನಿರಾಸೆ. "ಒಂದು ಮರ, ಸುತ್ತ ಬೇಲಿ. ಇದಕ್ಕೆ ಅಷ್ಟು ಪೆಟ್ರೋಲಾ?" ನಾನೂ ಹಾಗೇ ಅಂದುಕೊಂಡಿದ್ದೆ, ಕಾಕಾ ಬರುವವರೆಗೆ. ಅವರು ಇಳಿದವರೇ ನೇರ ಬೇಲಿ ಹತ್ತಿರ ಹೋಗಿ ಎಲೆ ನೋಡಿದರು. ತಿರುಗಿ ನನ್ನ ಕಡೆ ಬೈಯೋ ದನಿಯಲ್ಲಿ ಹೇಳಿದರು:

"ಲೇ ತಮ್ಮಾ, ಇದು ಬನ್ನಿ ಗಿಡ ಐತಲ್ಲೋ! ಹೊಲದ ಬದುವಿನ ಮ್ಯಾಲೆ ಇರೋ ಗಿಡ ನೋಡಾಕ ವಿಮಾನ ಹತ್ತಿ ಬಂದ್ನಾ ನಾನು?"

ಫೋನ್ ತೆಗೆದು ನೋಡಿದೆ. ಕಾಕಾ ಹೇಳಿದ್ದು ನಿಜ. ಇಲ್ಲಿ ಗಾಫ್ ಅನ್ನುವ ಮರ, ರಾಜಸ್ಥಾನದ ಖೇಜ್ಡಿ, ನಮ್ಮ ಬನ್ನಿ, ಎಲ್ಲ ಒಂದೇ ಜಾತಿ. ಬೇರು ಬಹಳ ಆಳಕ್ಕೆ ಇಳಿಸಿ ನೀರು ಹುಡುಕುವ ಮರ. ಕಾಕಾ ಬೈದರು ನಿಜ, ಆದರೆ ಅರ್ಧ ಗಂಟೆ ಅಲ್ಲಿಂದ ಕದಲಲಿಲ್ಲ. ಬೇಲಿಯ ಹೊರಗೆ ಗಾಳಿಗೆ ಉದುರಿದ್ದ ನಾಲ್ಕು ಎಲೆ ಆರಿಸಿ ಕಾಕು ಕೈಗೆ ಇಟ್ಟು, "ಬನ್ನಿ ತಗೊಂಡು ಬಂಗಾರದಂಗ ಇರೂಣು" ಅಂದರು. ದಸರಾ ಮುಗಿದು ಎಷ್ಟೋ ದಿನವಾಗಿತ್ತು. ಕಾಕು ಎಲೆಯನ್ನು ಪರ್ಸಿನಲ್ಲಿ ಇಟ್ಟುಕೊಂಡರು.

ಆ ಮರಕ್ಕೆ ಹೋಗುವುದಾದರೆ ಬೆಳಗ್ಗೆ ಎಂಟರೊಳಗೆ ಹೋಗಿ. ಮಧ್ಯಾಹ್ನ ಹೋದರೆ ಗೆಳೆಯನ ಹಾಗೆ ಬೈದುಕೊಂಡು ಬರುತ್ತೀರಿ. ತಂಗಿಯನ್ನಂತೂ ಮೇ ತಿಂಗಳಲ್ಲಿ ಕರೆದುಕೊಂಡು ಹೋಗಲೇ ಇಲ್ಲ. ಬಿಸಿಗಾಳಿಗೆ ಮಕ್ಕಳನ್ನು ಯಾಕೆ ಒಡ್ಡೋದು?

ಆಲಿ ಇದಕ್ಕೆ ತದ್ವಿರುದ್ಧ. ಯಾರೂ ಹೆಸರು ಹೇಳಲ್ಲ, ಪೋಸ್ಟರಿನಲ್ಲೂ ಕಾಣಲ್ಲ, ಊರಿನ ಮನೆಗಳ ಮಧ್ಯದಲ್ಲೇ ಇದೆ. ದಿಲ್ಮುನ್ ಕಾಲದ ಸಮಾಧಿ ದಿಬ್ಬಗಳು 2019ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಆ ಪಟ್ಟಿಯಲ್ಲಿ ಇರುವುದು 21 ಜಾಗ, 11,774 ದಿಬ್ಬ. ಕ್ರಿಸ್ತಪೂರ್ವ 2200ರಿಂದ 1750ರ ನಡುವಿನವು. ಬೇರೆ ಕಡೆ ಅವು ಮೊಣಕಾಲೆತ್ತರದ ಗುಡ್ಡೆಗಳ ಹಾಗೆ ಕಂಡರೆ, ಆಲಿಯಲ್ಲಿ ರಾಜರ ದಿಬ್ಬಗಳು ಮನೆಗಳಿಗಿಂತ ಎತ್ತರ. ಒಂದು ಕಡೆ ಬಟ್ಟೆ ಒಣಗಿಹಾಕಿದ ತಾರಸಿ, ಅದರ ಪಕ್ಕ ನಾಲ್ಕು ಸಾವಿರ ವರ್ಷದ ರಾಜ. ಕುಂಬಾರರ ಊರೂ ಇದೇ. ಚಕ್ರದ ಮುಂದೆ ಕೂತವರ ಕೈ ನೋಡುತ್ತಾ ಗೆಳೆಯನ ಹೆಂಡತಿ ಒಂದು ಗಂಟೆ ಕಳೆದಳು, ಎರಡು ಹೂಜಿ ತಗೊಂಡಳು. ಮರ ಸಪ್ಪೆ ಅಂದವನಿಗೂ ಇಲ್ಲಿ ಬೇಜಾರಾಗಲಿಲ್ಲ. ನನ್ನ ಓಟು ಆಲಿಗೆ. ಕಾಕಾ ಓಟು ಮಾತ್ರ ಬನ್ನಿಗೆ, ಅದನ್ನು ನಾನು ಬದಲಿಸೋಕಾಗಲ್ಲ.

ಇಲ್ಲಿ ಒಂದು ಗಾದೆ ಇದೆ. ಅಧಾರಿ ಅಂತ ಒಂದು ಹಳೆಯ ನೀರಿನ ಬುಗ್ಗೆ. ಅದು ದೂರದವರಿಗೆ ನೀರುಣಿಸಿ ಹತ್ತಿರದವರನ್ನು ಒಣಗಿಸುತ್ತದೆ ಅಂತ ಬಹ್ರೇನಿಗಳು ಹೇಳುತ್ತಾರೆ. ಹಿತ್ತಲ ಗಿಡ ಮದ್ದಲ್ಲ ಅಂತೀವಲ್ಲ, ಹೆಚ್ಚುಕಡಿಮೆ ಅದೇ. ಆಲಿ ನಮ್ಮ ಮನೆಯಿಂದ ಹದಿನೈದು ನಿಮಿಷ. ಬಹ್ರೇನ್‌ಗೆ ಬಂದ ಮೊದಲ ನಾಲ್ಕು ವರ್ಷ ನಾನು ಅಲ್ಲಿಗೆ ಹೋಗಿಯೇ ಇರಲಿಲ್ಲ!

ಇನ್ನು ಪೇಟೆಗಳು. ಮನಾಮಾ ಸೂಕ್ ಮತ್ತು ಮುಹರ್ರಕ್ ಸೂಕ್. ಈ ಜೋಡಿಯಲ್ಲಿ ನಾನು ಪಕ್ಷಪಾತಿ, ಮೊದಲೇ ಹೇಳಿಬಿಡುತ್ತೇನೆ.

ಮನಾಮಾದ ಪೇಟೆಗೆ ಬಾಬ್ ಅಲ್ ಬಹ್ರೇನ್ ಹೆಬ್ಬಾಗಿಲು. ಒಂದು ಕಾಲದಲ್ಲಿ ಸಮುದ್ರ ಅದರ ಹತ್ತಿರಕ್ಕೇ ಬರುತ್ತಿತ್ತು. ಈಗ ಮಣ್ಣು ತುಂಬಿ ತುಂಬಿ ನೀರು ಎಲ್ಲೋ ದೂರ ಹೋಗಿದೆ. ಒಳಗೆ ಹೋದರೆ ಅರ್ಧ ಭಾರತ. ಮಸಾಲೆ, ಸೀರೆ, ಚಿನ್ನ, ಮಲ್ಲಿಗೆ ಹೂ, ಒಂದು ಓಣಿಯಲ್ಲಿ ಶ್ರೀನಾಥಜಿ ದೇವಸ್ಥಾನ. ಸಿಂಧಿ ವ್ಯಾಪಾರಿಗಳು ಕಟ್ಟಿದ್ದು, ಇನ್ನೂರು ವರ್ಷದ್ದು ಅನ್ನುತ್ತಾರೆ. ಇಲ್ಲಿ 1965ರಲ್ಲಿ ದಿನಾರ್ ಬರುವವರೆಗೂ ರೂಪಾಯಿಯೇ ಓಡುತ್ತಿತ್ತು. ಕಾಕು ಇಲ್ಲಿ ಖುಷಿಯಾಗಿದ್ದರು, ಆದರೆ ಹೊರಗೆ ಬಂದು ಹೇಳಿದ ಮಾತು: "ಹುಬ್ಬಳ್ಳಿ ದುರ್ಗದಬೈಲ್‌ಗೆ ಹೋದಂಗ ಆತು." ಅಷ್ಟೇ ಸಾಕು ಅನ್ನುವವರಿಗೆ ಮನಾಮಾ. ಶುಕ್ರವಾರ ಸಂಜೆ ಮಾತ್ರ ಬೇಡ. ವಾರದ ರಜೆಯ ದಿನ, ಕಾಲಿಡೋಕೆ ಜಾಗ ಇರಲ್ಲ, ಪಾರ್ಕಿಂಗ್ ಅಂತೂ ಮರೆತುಬಿಡಿ.

ಮುಹರ್ರಕ್ ಬೇರೆಯೇ. ಮನಾಮಾಕ್ಕಿಂತ ಮುಂಚೆ ರಾಜಧಾನಿಯಾಗಿದ್ದ ಊರು, ಮುತ್ತಿನ ಊರು. ಮುತ್ತಿನ ವ್ಯಾಪಾರದ ಹಳೆಯ ಮನೆಗಳನ್ನು, ಅಂಗಡಿಗಳನ್ನು ಜೋಡಿಸಿ ಸುಮಾರು ಮೂರೂವರೆ ಕಿಲೋಮೀಟರ್‌ನ ಕಾಲುದಾರಿ ಮಾಡಿದ್ದಾರೆ. 2012ರಲ್ಲಿ ಇದೂ ವಿಶ್ವ ಪರಂಪರೆಗೆ ಸೇರಿತು. ದಾರಿ ತೋರಿಸಲು ಬೋರ್ಡಿಗಿಂತ ಮುತ್ತಿನ ಹಾಗೆ ದುಂಡಗಿರುವ ಬಿಳಿ ದೀಪಗಳೇ ಸಾಕು. ಸಂಜೆ ಅವು ಹೊತ್ತಿಕೊಂಡಾಗ ಓಣಿಯಿಂದ ಓಣಿಗೆ ಸುಮ್ನೆ ಅವುಗಳ ಹಿಂದೆ ನಡೆದರೆ ಆಯಿತು.

ಆ ಕಾಲದಲ್ಲಿ ಬೇಸಿಗೆಯ ನಾಲ್ಕು ತಿಂಗಳು ಮುತ್ತು ತೆಗೆಯುವ ದೋಣಿಗಳು ಸಮುದ್ರದಲ್ಲೇ ಇರುತ್ತಿದ್ದವು. ಮುಳುಗುವವನ ಮೂಗಿಗೆ ಕ್ಲಿಪ್ಪು, ಕಾಲಿಗೆ ಕಲ್ಲು, ಮೇಲೆ ಹಗ್ಗ ಹಿಡಿದವನೊಬ್ಬ. ಉಸಿರು ಮುಗಿಯುವಷ್ಟರಲ್ಲಿ ಮುತ್ತಿನ ಚಿಪ್ಪು ಕಿತ್ತು ಹಗ್ಗ ಜಗ್ಗಬೇಕು. ದೋಣಿಯ ನಾಖುದಾ, ಅಂದರೆ ಮುಖ್ಯಸ್ಥನ ಹತ್ತಿರ ಮುಂಗಡ ತಗೊಂಡ ಸಾಲ ತೀರುತ್ತಲೇ ಇರಲಿಲ್ಲ. ಮುತ್ತು ಹೋಗುತ್ತಿದ್ದದ್ದು ಹೆಚ್ಚಾಗಿ ಮುಂಬಯಿಗೆ. ಆಮೇಲೆ ಜಪಾನಿನವರು ಮುತ್ತು ಸಾಕಲು ಕಲಿತರು, 1929ರ ನಂತರ ಜಗತ್ತಿನ ಪೇಟೆ ಕುಸಿಯಿತು, ಇಲ್ಲಿನ ದೋಣಿಗಳು ದಂಡೆ ಸೇರಿದವು. ಸಾಕಿದ ಮುತ್ತಿನ ವ್ಯಾಪಾರಕ್ಕೆ ಬಹ್ರೇನ್‌ನಲ್ಲಿ ಇವತ್ತಿಗೂ ಅವಕಾಶವಿಲ್ಲ. ಇದನ್ನೆಲ್ಲ ಕೇಳಿದ ಮೇಲೆ ಕಾಕು ಮುತ್ತಿನ ಅಂಗಡಿಯಲ್ಲಿ ಒಂದು ಸಣ್ಣ ಮುತ್ತಿನ ಬೆಲೆ ಕೇಳಿ, ಚೌಕಾಸಿ ಮಾಡದೆ, ಹಾಗೇ ವಾಪಸ್ ಇಟ್ಟರು. ಕಾಕು ಚೌಕಾಸಿ ಮಾಡದ್ದನ್ನು ನಾನು ನೋಡಿದ್ದು ಅದೇ ಮೊದಲು.

ಸೂಕ್‌ನಲ್ಲಿ ಕೇಸರಿ ಹಾಕಿದ ಹಲ್ವಾ ಬಿಸಿಬಿಸಿ ಸಿಗುತ್ತದೆ. ಕಾರ್ನ್‌ಫ್ಲೋರಿನದು, ನಮ್ಮ ಬಾಂಬೆ ಹಲ್ವಾದ ಅಣ್ಣ ಅನ್ನಬಹುದು, ಆದರೆ ಚಮಚದಲ್ಲಿ ತಿನ್ನುವಷ್ಟು ಮೆತ್ತಗೆ. ಬೆಳಗ್ಗೆ ಹೋದರೆ ಬಲಾಲೀತ್ ತಿನ್ನಿ. ಸಿಹಿ ಶಾವಿಗೆ, ಅದರ ಮೇಲೆ ಆಮ್ಲೆಟ್. ಗೆಳೆಯ ಎರಡು ಪ್ಲೇಟ್ ಹೊಡೆದ. ನನಗೆ ಇವತ್ತಿಗೂ ಒಗ್ಗಿಲ್ಲ.

ಸಮುದ್ರದ ವಿಷಯ ಬೇಗ ಮುಗಿಸುತ್ತೇನೆ. ಜರಾದಾ ಅನ್ನೋದು ಇಳಿತದ ಹೊತ್ತಿಗೆ ಮಾತ್ರ ತಲೆ ಎತ್ತುವ ಮರಳ ದಿಬ್ಬ. ದೋಣಿಯವರೊಬ್ಬರ ಮಾತು ನಂಬಿ ಗೆಳೆಯನ ಜೊತೆ ತಡವಾಗಿ ಹೊರಟೆವು. ಮುಟ್ಟುವಷ್ಟರಲ್ಲಿ ಉಬ್ಬರ ಶುರು. ಚಾಪೆ ಹಾಸಿದ ಜಾಗಕ್ಕೆ ಅರ್ಧ ಗಂಟೆಯಲ್ಲಿ ನೀರು ಬಂತು, ಚಿತ್ರಾನ್ನದ ಡಬ್ಬಿ ತೇಲಿತು. ಇಳಿತದ ವೇಳೆ ನೀವೇ ನೋಡಿಕೊಂಡು ಹೋಗಿ. ಅಷ್ಟೆಲ್ಲ ತಲೆಬಿಸಿ ಬೇಡ ಅಂದರೆ ಪಶ್ಚಿಮ ದಂಡೆಯ ಅಲ್ ಜಝಾಯರ್ ಬೀಚ್ ಸಾಕು. ಆಳವಿಲ್ಲ, ಅಲೆಯೂ ಇಲ್ಲ. ಮಲ್ಪೆ, ಗೋಕರ್ಣ ನೋಡಿದವರು ಮಾತ್ರ ಜಾಸ್ತಿ ಆಸೆ ಇಟ್ಟುಕೊಳ್ಳಬೇಡಿ.

ಉಳಿದದ್ದು ಮೇ ತಿಂಗಳ ಮಧ್ಯಾಹ್ನ. ಆಗ ಸೂರಿನಡಿ ಎರಡೇ ಜಾಗ. ನ್ಯಾಷನಲ್ ಮ್ಯೂಸಿಯಂ, ಅಲ್ ಫಾತಿಹ್ ಮಸೀದಿ. ಮಸೀದಿಯಲ್ಲಿ ಏಳು ಸಾವಿರ ಜನ ಒಟ್ಟಿಗೆ ನಮಾಜು ಮಾಡಬಹುದು. ಅಮೃತಶಿಲೆ ಇಟಲಿಯದು, ದೊಡ್ಡ ಗೊಂಚಲು ದೀಪ ಆಸ್ಟ್ರಿಯಾದ್ದು, ಬಾಗಿಲಿನ ತೇಗ ಭಾರತದ್ದು. ಶುಕ್ರವಾರ ಬಿಟ್ಟು ಬೇರೆ ದಿನ ಯಾರು ಬೇಕಾದರೂ ಹೋಗಬಹುದು. ಹೆಂಗಸರಿಗೆ ಅಬಾಯಾ (ಮೈ ಮುಚ್ಚುವ ನಿಲುವಂಗಿ) ಅಲ್ಲೇ ಕೊಡುತ್ತಾರೆ, ವಿವರಿಸುವವರೂ ಇರುತ್ತಾರೆ, ದುಡ್ಡು ಕೇಳಲ್ಲ. ತಂಗಿಗೆ ಅಲ್ಲಿನ ತಂಪು, ಮೌನ ಎರಡೂ ಹಿಡಿಸಿದವು. ಮಕ್ಕಳಿಗೆ ಆ ಮೌನವೇ ಕಷ್ಟವಾಯಿತು. ಅವರು ಗೆದ್ದದ್ದು ಮ್ಯೂಸಿಯಂನಲ್ಲಿ. ಅಲ್ಲಿ ನೆಲದ ಮೇಲೆ ಇಡೀ ಬಹ್ರೇನ್‌ನ ದೊಡ್ಡ ಚಿತ್ರವಿದೆ, ಅದರ ಮೇಲೆ ಓಡಾಡಬಹುದು. ಚಿಕ್ಕವನು ನಾಲ್ಕು ಹೆಜ್ಜೆಯಲ್ಲಿ ದೇಶ ದಾಟಿ, "ಮಾಮಾ, ಮುಗೀತಾ?" ಅಂತ ಕೇಳಿದ.

ಮೊನ್ನೆ ತಂಗಿ ಫೋನ್ ಮಾಡಿದ್ದಳು. ಬರುವ ವರ್ಷ ಭಾವನವರೂ ಬರುತ್ತಾರಂತೆ. "ಜನವರಿಗೆ ಬಾರೇ, ಎಲ್ಲಾ ತೋರಿಸ್ತೀನಿ" ಅಂದೆ. ಮಕ್ಕಳ ಪರೀಕ್ಷೆ, ಭಾವನವರ ರಜೆ, ಎಲ್ಲ ಲೆಕ್ಕ ಹಾಕಿ ಮತ್ತೆ ಮೇ ತಿಂಗಳಿಗೇ ಬಂದು ನಿಂತಳು. ಆಯಿತು, ಮಧ್ಯಾಹ್ನ ಮ್ಯೂಸಿಯಂ, ಕತ್ತಲಾದ ಮೇಲೆ ಮುಹರ್ರಕ್. ಬನ್ನಿ ಗಿಡ ಊರಲ್ಲೇ ನೋಡಿಕೊಳ್ಳಿ ಅಂತ ಹೇಳಿದ್ದೇನೆ.