1972ರ ಕಾರ್ವೆಟ್: ಹೊಳಪಿಗೆ ಬಹುಮಾನವಾ, ಅಸಲಿಗೆ ಬಹುಮಾನವಾ?

ಅಮೆರಿಕದಲ್ಲಿ ಹಳೇ ಕಾರ್ವೆಟ್ (ಷೆವ್ರೊಲೆ ಕಂಪನಿಯ ಸ್ಪೋರ್ಟ್ಸ್ ಕಾರು) ಇಟ್ಟುಕೊಂಡು ಬಹುಮಾನದ ಆಸೆ ಪಟ್ಟರೆ ಮೊದಲು ಕೇಳಿಕೊಳ್ಳಬೇಕಾದ್ದು, ಕಾರನ್ನು ಯಾರ ಮುಂದೆ ನಿಲ್ಲಿಸುತ್ತೇವೆ ಅಂತ. ಊರಿನ ಮೈದಾನದ ಶೋಗಳಲ್ಲಿ ಎಷ್ಟೋ ಕಡೆ ನೋಡಲು ಬಂದವರೇ ವೋಟು ಹಾಕುತ್ತಾರೆ. ಅಲ್ಲಿ ಮಿರಮಿರ ಮಿಂಚಿದರೆ ಅರ್ಧ ಕೆಲಸ ಆದಂತೆ. ಹಳೇ ಕಾರ್ವೆಟ್‌ಗಳನ್ನು ಮೊದಲಿದ್ದ ಹಾಗೆ ಮಾಡುವ ರಿಸ್ಟೋರರ್‌ಗಳ ಸಂಘ ಎನ್‌ಸಿಆರ್‌ಎಸ್‌ನ ಲೆಕ್ಕವೇ ಬೇರೆ. ಅಲ್ಲಿ ಒಟ್ಟು 4510 ಅಂಕ. ಶೇಕಡ 94 ಬಂದರೆ ‘ಟಾಪ್ ಫ್ಲೈಟ್’ ಎಂಬ ಪ್ರಶಸ್ತಿ. ಸೇಂಟ್ ಲೂಯಿಸ್ ಕಾರ್ಖಾನೆಯಿಂದ ಹೊರಬಿದ್ದಾಗ ಕಾರು ಹೇಗಿತ್ತೋ ಹಾಗೇ ಇರಬೇಕು. ಅದಕ್ಕಿಂತ ಚೆನ್ನಾಗಿದ್ದರೂ ಅಂಕ ಕಟ್! ನನ್ನ ಕಾರನ್ನು ಎರಡೂ ಕಡೆ ನಿಲ್ಲಿಸಿದ್ದೇನೆ.

ದೊಡ್ಡ ತಲೆನೋವು ಪೇಂಟು. ಒಂದು ಹಳೇ ಬಾನೆಟ್ ತಂದು, ಅರ್ಧಕ್ಕೆ ಬೇಸ್‌ಕೋಟ್-ಕ್ಲಿಯರ್‌ಕೋಟ್ (ಕೆಳಗೆ ಬಣ್ಣ, ಮೇಲೆ ಬಣ್ಣವಿಲ್ಲದ ಪಾರದರ್ಶಕ ಪದರ), ಇನ್ನರ್ಧಕ್ಕೆ ಹಳೇ ಕಾಲದ ಪೇಂಟಾದ ಅಕ್ರಿಲಿಕ್ ಲ್ಯಾಕರ್ ಹೊಡೆಸಿ ನೋಡಿದೆ. ಕ್ಲಿಯರ್‌ಕೋಟ್ ಗಟ್ಟಿ, ಪೆಟ್ರೋಲ್ ಹನಿ ಬಿದ್ದರೂ ಒರೆಸಿದರೆ ಮುಗಿಯಿತು. ಆದರೆ ಬಣ್ಣದ ಮೇಲೆ ಗಾಜು ಮುಚ್ಚಿದ ಹಾಗೆ ಕಾಣುತ್ತದೆ. ಲ್ಯಾಕರ್‌ನ ಹೊಳಪು ಬಣ್ಣದ್ದೇ, ಸ್ವಲ್ಪ ಮೆತ್ತಗೆ. 1972ರಲ್ಲಿ ಕಾರ್ಖಾನೆಯಲ್ಲಿ ಹೊಡೆಯುತ್ತಿದ್ದದ್ದು ಲ್ಯಾಕರ್ ಮಾತ್ರ. ಬಾಗಿಲ ಸಂದಿಯಲ್ಲಿ ಅದು ಒರಟಾಗಿಯೇ ಉಳಿಯುತ್ತಿತ್ತು, ಯಾರೂ ಅಲ್ಲಿ ಪಾಲಿಶ್ ಮಾಡುತ್ತಿರಲಿಲ್ಲ. ಈಗಿನ ಪೇಂಟರ್‌ಗೆ ‘ಆ ಒರಟು ಹಾಗೇ ಇರಲಿ’ ಅಂದರೆ ನಮ್ಮನ್ನೇ ವಿಚಿತ್ರವಾಗಿ ನೋಡುತ್ತಾನೆ. ಲ್ಯಾಕರ್‌ನ ತೊಂದರೆಯೂ ಸಣ್ಣದಲ್ಲ. ಹಲವು ಕೋಟ್ ಹೊಡೆದು, ಉಜ್ಜಿ, ಮತ್ತೆ ಪಾಲಿಶ್ ಮಾಡಬೇಕು. ವರ್ಷ ಕಳೆದಂತೆ ಫೈಬರ್‌ಗ್ಲಾಸ್ ಮೈಮೇಲೆ ಬಿರುಕು ಬಿಡುತ್ತದೆ. ಹೊಡೆಯಲು ಗೊತ್ತಿರುವವರೂ ಕಡಿಮೆ, ಕೂಲಿ ಜಾಸ್ತಿ. ಎನ್‌ಸಿಆರ್‌ಎಸ್ ಗುರಿಯಾದರೆ ಲ್ಯಾಕರ್, ಅನುಮಾನ ಬೇಡ. ಊರಿನ ಶೋಗೆ ಮಾತ್ರವಾದರೆ ಅಷ್ಟು ದುಡ್ಡು ಸುಮ್ನೆ ದಂಡ.

ಬೋಲ್ಟು, ಕ್ಲಾಂಪುಗಳಲ್ಲಿ ಹೊಸ ನಕಲು ಕಿಟ್ ಸುಲಭ. ಪೆಟ್ಟಿಗೆ ಬಿಚ್ಚಿದರೆ ಎಲ್ಲಾ ಫಳಫಳ. ಆದರೆ ತೀರ್ಪುಗಾರರು ಬೋಲ್ಟಿನ ತಲೆಯ ಮೇಲಿನ ಗುರುತನ್ನೂ ಬಗ್ಗಿ ನೋಡುತ್ತಾರೆ. ಹಳೇ ಬೋಲ್ಟುಗಳ ತುಕ್ಕು ತೆಗೆಸಿ, ಮೊದಲಿದ್ದ ಲೇಪನವನ್ನೇ ಮತ್ತೆ ಕೊಡಿಸುವುದು ನಿಧಾನದ ಕೆಲಸ, ಆದರೆ ಅದೇ ಗೆಲ್ಲುತ್ತದೆ. ಎಂಜಿನ್ನಿಗೂ ಇದೇ ಮಾತು. ಎಂಜಿನ್ನಿಗೆ ಹೊಡೆಯುವ ಷೆವ್ರೊಲೆ ಕಿತ್ತಳೆ ಬಣ್ಣ ಎಗ್ಸಾಸ್ಟ್ ಮ್ಯಾನಿಫೋಲ್ಡ್ (ಎಂಜಿನ್ನಿನ ಹೊಗೆ ಹೊರಹೋಗುವ ಕೊಳವೆ) ಮೇಲೆ ಅಷ್ಟಿಷ್ಟು ಸಿಡಿದಿರಬೇಕು, ಕಾರ್ಖಾನೆಯಲ್ಲಿ ಹಾಗೇ ಆಗುತ್ತಿತ್ತು. ಊರಿನ ಶೋನಲ್ಲಿ ಇದನ್ನು ಕಂಡವರು ‘ಕೆಲಸ ಗಲೀಜು’ ಅಂದುಕೊಂಡು ಮುಂದೆ ಹೋಗುತ್ತಾರೆ.

ಟೈರಿನ ಜಗಳ ನನಗೆ ಇಷ್ಟ. 1972ರ ಕಾರಿಗೆ ಬಂದದ್ದು ಎಫ್70-15 ಅಳತೆಯ ಬಯಾಸ್-ಬೆಲ್ಟೆಡ್, ಅಂದರೆ ಒಳಗಿನ ದಾರದ ಪದರಗಳು ಓರೆಯಾಗಿರುವ ಹಳೇ ಬಗೆಯ ಟೈರು. ಈಗಿನ ಕಾರುಗಳಲ್ಲಿರುವಂಥ ರೇಡಿಯಲ್ ಟೈರು ಕಾರ್ವೆಟ್‌ಗೆ ಬಂದದ್ದು 1973ರಲ್ಲಿ. ಓಡಿಸುವ ಖುಷಿಗೆ ರೇಡಿಯಲ್ಲೇ ಸರಿ, ಅದರಲ್ಲಿ ಎರಡು ಮಾತಿಲ್ಲ. ಬಯಾಸ್ ಟೈರು ರಸ್ತೆಯ ಗೆರೆ ಸಿಕ್ಕಿದರೆ ಅತ್ತಿತ್ತ ಎಳೆಯುತ್ತದೆ, ಸ್ಟೀರಿಂಗ್ ಬಿಗಿಯಾಗಿ ಹಿಡಿದೇ ಇರಬೇಕು. ಹಳೇ ಅಚ್ಚಿನ ಹೊಸ ಬಯಾಸ್ ಟೈರುಗಳು ಸಿಗುತ್ತವೆ. ಅವನ್ನು ಬೇರೆ ರಿಮ್‌ಗಳಿಗೆ ಹಾಕಿಸಿ ತೀರ್ಪಿಗೆಂದೇ ಇಟ್ಟಿದ್ದೇನೆ.

ಎದ್ದು ಮಲಗುವ ಹೆಡ್‌ಲೈಟು, ವೈಪರ್ ಮುಚ್ಚಳ, ಹಾರ್ನು, ಗಡಿಯಾರ ಇವೆಲ್ಲಾ ಕೆಲಸ ಮಾಡಲೇಬೇಕು. ಹೆಡ್‌ಲೈಟೂ ವೈಪರ್ ಮುಚ್ಚಳವೂ ನಡೆಯುವುದು ವ್ಯಾಕ್ಯೂಮ್‌ನಲ್ಲಿ (ಎಂಜಿನ್ ಗಾಳಿ ಎಳೆಯುವ ಬಲದಲ್ಲಿ), ಎಲ್ಲೋ ಒಂದು ಪೈಪು ಸೋರಿದರೆ ಒಂದು ಕಣ್ಣು ಮೊದಲು ತೆರೆದು ಇನ್ನೊಂದು ಆಮೇಲೆ ತೆರೆಯುತ್ತದೆ. ಇಲ್ಲಿ ಅಸಲಿ-ನಕಲಿ ಅಂತ ಜಾಸ್ತಿ ಯೋಚಿಸಬೇಡಿ, ಹೊಸ ಪೈಪು ಹಾಕಿ.

ಕೈಯಲ್ಲಿ ದುಡ್ಡು ಅಷ್ಟಕ್ಕಷ್ಟೇ ಇದ್ದರೆ ಮೊದಲು 1970-72ರ ಕಾರುಗಳಿಗೆ ಎನ್‌ಸಿಆರ್‌ಎಸ್‌ನ ತೀರ್ಪು ಕೈಪಿಡಿ ಕೊಳ್ಳಿ, ಆಮೇಲೆ ಬೋಲ್ಟು, ಆಮೇಲೆ ಟೈರು. ಪೇಂಟು ಕೊನೆಗೆ.