ಹೋಮ್‌ಸ್ಟೇ ಬಿಸಿನೀರಿಗೆ ಹಂಡೆ ಒಲೆಯೋ, ಸೋಲಾರೋ, ಗ್ಯಾಸ್ ಗೀಸರೋ?

ಸಕಲೇಶಪುರದ ಕಡೆ ನಾಲ್ಕು ಕೋಣೆಯ ಹೋಮ್‌ಸ್ಟೇ ತೆರೆಯುವವರ ಪ್ರಶ್ನೆ ಇದು.

ಖರ್ಚು ಮೊದಲು. ತೋಟದಲ್ಲಿ ಕಾಫಿ ಬೊಡ್ಡೆ, ಸಿಲ್ವರ್ ಓಕ್ ಕೊಂಬೆ ಇದ್ದರೆ ಹಂಡೆ ಒಲೆಗೆ ಸೌದೆ ಕೊಳ್ಳಬೇಕಿಲ್ಲ. ಆದರೆ ಬೆಳಿಗ್ಗೆ ಐದಕ್ಕೇ ಎದ್ದು ಉರಿ ಹಾಕುವ ಆಳು ಬೇಕಲ್ವಾ? ಸೋಲಾರ್‌ಗೆ ಮೊದಲು ದೊಡ್ಡ ಮೊತ್ತ, ಆಮೇಲೆ ಹೆಚ್ಚು ಖರ್ಚಿಲ್ಲ. ಗ್ಯಾಸ್ ಗೀಸರ್ ಅಗ್ಗ, ಸಿಲಿಂಡರ್ ಖಾಲಿಯಾಗುತ್ತಲೇ ಇರುತ್ತದೆ.

ತಲೆನೋವು ಮಳೆಗಾಲದ್ದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸೋಲಾರ್ ನೀರು ಹೆಚ್ಚೆಂದರೆ ಉಗುರುಬೆಚ್ಚಗೆ. ಸೋಲಾರ್ ಟ್ಯಾಂಕಿನ ಒಳಗಿನ ಕರೆಂಟ್ ಕಾಯಿಲ್ ನಂಬೋಣವೆಂದರೆ ಮರ ಬಿದ್ದು ಲೈನ್ ಹೋಗಿರುತ್ತದೆ. ಜಲಪಾತ ನೋಡಿ ನೆನೆದು ಬಂದವರು ಬಿಸಿನೀರು ಕೇಳುವುದೂ ಆಗಲೇ! ಬೇಸಿಗೆಯಲ್ಲೇ ಸೌದೆ ಕೊಟ್ಟಿಗೆ ಸೇರಿದ್ದರೆ ಹಂಡೆ ಕೈಬಿಡುವುದಿಲ್ಲ.

ಗ್ಯಾಸ್ ಗೀಸರನ್ನು ಮುಚ್ಚಿದ ಬಚ್ಚಲಲ್ಲಿ ಇಡಲೇಬೇಡಿ. ಗಾಳಿ ಸಾಲದೆ ಗ್ಯಾಸ್ ಉರಿದಾಗ ಹುಟ್ಟುವ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲಕ್ಕೆ ವಾಸನೆಯೇ ಇಲ್ಲ, ಜೀವ ಹೋಗಬಹುದು. ಹೊರಗೋಡೆಗೆ ಹಾಕಿಸಿ.

ಚಳಿಗಾಲ, ಬೇಸಿಗೆಯಲ್ಲೇ ಅತಿಥಿಗಳು ಜಾಸ್ತಿಯಾದರೆ ಸೋಲಾರ್ ಸಾಕು. ಮಳೆಗಾಲದ ಜನವನ್ನೇ ನೆಚ್ಚಿದ್ದು, ಆಳೂ ಇದ್ದರೆ ಹಂಡೆ. ಗಂಡ-ಹೆಂಡತಿ ಇಬ್ಬರೇ ವಾರಾಂತ್ಯಕ್ಕೆ ನಡೆಸುವುದಾದರೆ ಗ್ಯಾಸ್. ಬೋರ್‌ವೆಲ್ ನೀರು ಗಡಸಾಗಿದ್ದರೆ ಸೋಲಾರ್ ಕೊಳವೆಯಲ್ಲಿ ಸುಣ್ಣ ಕಟ್ಟುತ್ತದೆ. ದುಡ್ಡು ಹಾಕುವ ಮೊದಲು ನೀರು ಪರೀಕ್ಷೆ ಮಾಡಿಸಿ.