ಸೋರಿಕೆಗೆ ಬಟ್ಟೆಯೋ, ಪ್ಯಾಡೋ, ವ್ಯಾಯಾಮವೋ?

ಕೆಮ್ಮಿದರೆ, ಸೀನಿದರೆ, ತುಂಬಿದ ಕೊಡ ಎತ್ತಿದರೆ ನಾಲ್ಕು ಹನಿ ಮೂತ್ರ ಸೋರುವುದು ನನ್ನ ತೊಂದರೆ. ಅವಸರವಾದ ಮೇಲೆ ಬಚ್ಚಲು ಮುಟ್ಟುವವರೆಗೂ ತಡೆಯಲಾಗದಿರುವುದು ನಮ್ಮ ಅತ್ತೆಯದು. ಮೂಡಿಗೆರೆ ಕಡೆಯ ಒಂದೇ ಮನೆಯಲ್ಲಿ ಎರಡು ಬಗೆಯ ಸೋರಿಕೆ. ನನಗೆ ಹೆರಿಗೆಗಳ ನಂತರ ಮೂತ್ರನಾಳವನ್ನು ಬಿಗಿಹಿಡಿಯುವ ತಳದ ಸ್ನಾಯುಗಳು ಸಡಿಲವಾಗಿವೆ. ಅವರಿಗೆ ಮೂತ್ರಕೋಶ ತುಂಬುವ ಮೊದಲೇ ಹಿಂಡಿಕೊಳ್ಳುತ್ತದೆ. ಇಷ್ಟು ತಿಳಿಯದೆ ಅಂಗಡಿಗೆ ಹೋದರೆ ದುಡ್ಡು ದಂಡ. ಸೋಂಕಿದ್ದರೂ ಸಕ್ಕರೆ ಏರಿದ್ದರೂ ಹೀಗೇ ಆಗಬಹುದಾದ್ದರಿಂದ ವೈದ್ಯರು ಮೊದಲು ಇಬ್ಬರಿಗೂ ಮೂತ್ರ ಮತ್ತು ರಕ್ತ ಪರೀಕ್ಷೆ ಮಾಡಿಸಿದರು.

ಹಳೆಯ ಹತ್ತಿ ಸೀರೆಯ ಮಡಿಕೆಗೆ ಖರ್ಚಿಲ್ಲ, ಚರ್ಮಕ್ಕೂ ಹಿತ. ಬೇಸಿಗೆಯಲ್ಲಿ ಮನೆಯೊಳಗಿರುವವರಿಗೆ ಸಾಕು. ಆದರೆ ನಮ್ಮ ಮಳೆಗಾಲದಲ್ಲಿ ಟವೆಲ್ಲೇ ಒಣಗುವುದಿಲ್ಲ, ಇನ್ನು ನಾಲ್ಕು ಪದರದ ಬಟ್ಟೆ ಒಣಗುವುದುಂಟೇ? ಹಂಡೆ ಒಲೆಯ ಮೇಲೆ ಹಗ್ಗ ಕಟ್ಟಿ ಹಾಕಿದರೆ ಹೊಗೆಯ ವಾಸನೆ, ಅರೆ ಒಣಗಿದ್ದನ್ನು ಹಾಕಿಕೊಂಡರೆ ತೊಡೆಸಂದಿಯಲ್ಲಿ ತುರಿಕೆ.

ಮುಟ್ಟಿನ ಪ್ಯಾಡ್ ಮತ್ತು ಮೂತ್ರಕ್ಕೆಂದೇ ಮಾಡಿದ ಪ್ಯಾಡ್ ನೋಡಲು ಹೆಚ್ಚುಕಡಿಮೆ ಒಂದೇ. ಎರಡನ್ನೂ ಬಚ್ಚಲ ಕಲ್ಲಿನ ಮೇಲಿಟ್ಟು ಅರ್ಧ ಲೋಟ ನೀರನ್ನು ಒಮ್ಮೆಲೇ ಸುರಿದೆ. ಮೊದಲನೆಯದರಲ್ಲಿ ನೀರು ಮೇಲೆಯೇ ಹರಿದು ಅಂಚಿನಿಂದ ಇಳಿಯಿತು. ಎರಡನೆಯದು ಗಟಗಟನೆ ಕುಡಿದು ಉಬ್ಬಿತು. ಅಂಗೈ ಒತ್ತಿದರೂ ಒದ್ದೆಯಾಗಲಿಲ್ಲ. ಮುಟ್ಟಿನ ರಕ್ತ ನಿಧಾನವಾಗಿ ಬರುತ್ತದೆ, ಮೂತ್ರ ಒಮ್ಮೆಗೇ ನುಗ್ಗುತ್ತದೆ. ಅದಕ್ಕೆ ತಕ್ಕಂತೆ ಎರಡನೆಯದರಲ್ಲಿ ನೀರನ್ನು ಹೀರಿ ಜೆಲ್ಲಿಯಂತಾಗುವ ಪುಡಿ ಹೆಚ್ಚು ಹಾಕಿರುತ್ತಾರೆ. ಬೆಲೆ ಜಾಸ್ತಿ, ನಮ್ಮ ಕಡೆಯ ಮೆಡಿಕಲ್ ಅಂಗಡಿಯಲ್ಲಿ ಹೇಳಿ ತರಿಸಬೇಕು. ಆದರೂ ಹೊರಗೆ ಹೋಗುವ ದಿನ ನನ್ನ ಆಯ್ಕೆ ಅದೇ.

ಅತ್ತೆಗೆ ಅದು ಸಾಲದು. ಧರ್ಮಸ್ಥಳಕ್ಕೆ ಹೊರಟಾಗ ಕೊಟ್ಟಿಗೆಹಾರ ದಾಟಿದ ಮೇಲೆ ಚಾರ್ಮಾಡಿ ಘಾಟಿಯ ತಿರುವಿನಲ್ಲಿ ಬಸ್ ನಿಲ್ಲಿಸಿ ಎನ್ನುವುದು ಹೇಗೆ? ಚಡ್ಡಿಯಂತೆ ಏರಿಸಿಕೊಳ್ಳುವ ಡೈಪರ್ ಅವರಿಗೆ ಒಗ್ಗಿತು. ಪಕ್ಕದಲ್ಲಿ ಅಂಟಿಸುವ ಬಗೆಯದು ಹಾಸಿಗೆ ಹಿಡಿದವರಿಗೆ, ಬದಲಿಸುವವರು ಇನ್ನೊಬ್ಬರಿದ್ದಾಗ ಅನುಕೂಲ. ನಡೆದಾಡುವವರಿಗೆ ಅದು ಸರಸರ ಸದ್ದಿನ ಪೀಡೆ. ಪ್ರಯಾಣವೆಂದು ನೀರು ಕುಡಿಯುವುದನ್ನೇ ಬಿಡುವುದು ಮಾತ್ರ ಸರಿಯಲ್ಲ. ಮೂತ್ರ ಗಾಢವಾಗಿ ಕೋಶವನ್ನು ಇನ್ನಷ್ಟು ಕೆರಳಿಸಬಹುದು, ಮಲಬದ್ಧತೆಯೂ ಸೇರಿಕೊಂಡರೆ ಸೋರಿಕೆ ಹೆಚ್ಚುತ್ತದೆ.

ಇವೆಲ್ಲ ಸೋರಿದ್ದನ್ನು ಹಿಡಿಯುವ ಉಪಾಯಗಳು. ಸೋರುವುದನ್ನೇ ಕಡಿಮೆ ಮಾಡಿದ್ದು, ನನ್ನ ಮಟ್ಟಿಗೆ, ಕೆಗೆಲ್ ವ್ಯಾಯಾಮ. ಅಮೆರಿಕದ ಸ್ತ್ರೀರೋಗ ತಜ್ಞ ಆರ್ನಲ್ಡ್ ಕೆಗೆಲ್ 1948ರಲ್ಲಿ ಇದರ ಬಗ್ಗೆ ಬರೆದರು. ವಾಯು ತಡೆಯುವವರಂತೆ ಒಳಗಿನಿಂದ ಮೇಲಕ್ಕೆ ಎಳೆದುಕೊಳ್ಳಬೇಕು, ಸ್ವಲ್ಪ ಹಿಡಿದು ಆಮೇಲೆ ಸಡಿಲ ಬಿಡಬೇಕು. ಒಂದು ಸಲಕ್ಕೆ ಕನಿಷ್ಠ 8 ಬಾರಿ, ದಿನಕ್ಕೆ 3 ಸಲ, ಕನಿಷ್ಠ 3 ತಿಂಗಳು. ಉಸಿರು ಕಟ್ಟಬಾರದು, ಪೃಷ್ಠ ಬಿಗಿಯಬಾರದು. ಮೂತ್ರ ಮಾಡುವಾಗ ನಡುವೆ ನಿಲ್ಲಿಸಿ ಅಭ್ಯಾಸ ಮಾಡುವುದೂ ಬೇಡ. ಕೋಶ ಪೂರ್ತಿ ಖಾಲಿಯಾಗದೆ ಉಳಿಯಬಹುದು. ಹಾಲು ಉಕ್ಕುವುದನ್ನು ಕಾಯುತ್ತಾ ನಿಂತಾಗ ನಾನು ಮಾಡುತ್ತೇನೆ, ಪಕ್ಕದಲ್ಲಿದ್ದವರಿಗೂ ತಿಳಿಯುವುದಿಲ್ಲ. ಮೊದಲ ತಿಂಗಳು ಏನೂ ಅನ್ನಿಸುವುದಿಲ್ಲ, ಅಲ್ಲೇ ಬಹಳ ಜನ ಬಿಡುವುದು. ಫಿಸಿಯೋಥೆರಪಿಸ್ಟ್ ಒಬ್ಬರು ಸರಿಯಾದ ಸ್ನಾಯು ಯಾವುದೆಂದು ತೋರಿಸಿಕೊಟ್ಟ ಮೇಲೆಯೇ ನನಗೆ ಹಿಡಿತ ಸಿಕ್ಕಿತು. ಈಗ ಸೀನು ಬರುವ ಸೂಚನೆ ಸಿಕ್ಕೊಡನೆ ಬಿಗಿಹಿಡಿದುಕೊಳ್ಳುತ್ತೇನೆ. ಸೋರಿಕೆ ಪೂರ್ತಿ ನಿಂತಿಲ್ಲ, ಮನೆಯಲ್ಲಿ ಪ್ಯಾಡ್ ಬೇಕಾಗುವುದಿಲ್ಲ.

ಅತ್ತೆಗೆ ಇದರ ಜೊತೆ ಹೊತ್ತು ನೋಡಿ ಹೋಗುವ ಅಭ್ಯಾಸ ಮಾಡಿಸಿದರು. ‘ಯಾವುದಕ್ಕೂ ಇರಲಿ’ ಎಂದು ಗಂಟೆಗೊಮ್ಮೆ ಹೋಗುತ್ತಿದ್ದವರು ಕಾಲು ಗಂಟೆ ಮುಂದೂಡುತ್ತಾ ಅಂತರ ಹಿಗ್ಗಿಸಬೇಕು. ಕನಿಷ್ಠ 6 ವಾರ. ಅವರಿಗೆ ಕೊಟ್ಟ ಮೊದಲ ಮಾತ್ರೆಯಿಂದ ಅವಸರವೇನೋ ತಗ್ಗಿತು, ಆದರೆ ಬಾಯಿ ಒಣಗಿ ಮಲಬದ್ಧತೆಯಾಯಿತು. ಆ ಗುಂಪಿನ ಮಾತ್ರೆಗಳಿಂದ ವಯಸ್ಸಾದವರಿಗೆ ಕೆಲವೊಮ್ಮೆ ಮಂಕು ಕವಿಯುವುದೂ ಉಂಟು. ಬದಲಾಗಿ ಬಂದ ಮಿರಾಬೆಗ್ರಾನ್ ಎಂಬ ಬೇರೆ ಗುಂಪಿನ ಮಾತ್ರೆಯಿಂದ ಅವರಿಗೆ ಈ ಕಾಟವಾಗಲಿಲ್ಲ, ರಕ್ತದೊತ್ತಡ ಮಾತ್ರ ನೋಡಿಕೊಳ್ಳುತ್ತಿರಬೇಕು. ನನ್ನ ಬಗೆಯ ಸೋರಿಕೆಗೆ ಈ ಮಾತ್ರೆಗಳಿಂದ ಪ್ರಯೋಜನವಿಲ್ಲ. ವ್ಯಾಯಾಮದಿಂದ ಆಗದಿದ್ದರೆ ಶಸ್ತ್ರಚಿಕಿತ್ಸೆಯ ದಾರಿಯಿದೆ. ಮೂತ್ರದಲ್ಲಿ ರಕ್ತ, ಇದ್ದಕ್ಕಿದ್ದಂತೆ ಮೂತ್ರ ಕಟ್ಟುವುದು, ಕಾಲು ಅಥವಾ ಗುಪ್ತಾಂಗದ ಸುತ್ತ ಜೋಮು ಕಂಡರೆ ಪ್ಯಾಡ್ ಹುಡುಕುತ್ತಾ ಕೂರದೆ ಅಂದೇ ಆಸ್ಪತ್ರೆಗೆ ಹೋಗಬೇಕು.

ಕಾಫಿ ಕಡಿಮೆ ಮಾಡಿ ಎಂದೂ ವೈದ್ಯರು ಹೇಳಿದರು, ಅದರಲ್ಲಿರುವ ಕೆಫೀನ್ ಅವಸರ ಹೆಚ್ಚಿಸುತ್ತದೆಯಂತೆ. ಬಾಬಾಬುಡನ್ ಗಿರಿಯ ಜಿಲ್ಲೆಯಲ್ಲಿ ಇದನ್ನು ಹೇಳಲು ಎದೆಗಾರಿಕೆ ಬೇಕು. ನಾನು ಮಧ್ಯಾಹ್ನದ ಲೋಟ ಬಿಟ್ಟೆ, ನನಗೇನೂ ವ್ಯತ್ಯಾಸ ಕಾಣಲಿಲ್ಲ. ಅತ್ತೆ ಸಂಜೆಯದನ್ನು ಬಿಟ್ಟ ಮೇಲೆ ರಾತ್ರಿ ಏಳುವುದು ಕಡಿಮೆಯಾಯಿತು. ಬೆಳಗಿನದನ್ನೂ ಬಿಡುತ್ತೀರಾ ಎಂದು ಕೇಳಿದೆ. ‘ಡೈಪರ್ ಬೇಕಾದರೆ ಇನ್ನೊಂದು ಕಟ್ಟು ತಾ ಮಾರಾಯ್ತಿ, ಅದೊಂದು ಲೋಟದ ತಂಟೆಗೆ ಬರಬೇಡ’ ಎಂದರು.